ಪರದೇಶದ ಸುಂಕದ ಕಟ್ಟೆ

ತುಮಕೂರಿನಲ್ಲಾಗಲಿ, ಗುಬ್ಬಿಯಲ್ಲಾಗಲಿ, ಕುಣಿಗಲ್ಲಿನಲ್ಲಾಗಲಿ ಪರದೇಶದ ನಂಟಿಲ್ಲದ ಬೀದಿ ಈಗ ಅಪರೂಪ. ಒಂದು ಮನೆಯ ಮಗ ದುಬೈಯಲ್ಲಿ ಉದ್ಯೋಗದಲ್ಲಿರುತ್ತಾನೆ. ಇನ್ನೊಂದು ಮನೆಯ ಮಗಳು ಅಳಿಯನೊಡನೆ ಅಮೆರಿಕದಲ್ಲಿರುತ್ತಾಳೆ. ಮತ್ತೊಂದು ಮನೆಯ ಹಿರಿಯರು ಹಜ್ ಯಾತ್ರೆಗೆ ಸಿದ್ಧರಾಗುತ್ತಿರುತ್ತಾರೆ. ಪಾಸ್‌ಪೋರ್ಟು ಎಂಬುದು ಒಂದು ಕಾಲಕ್ಕೆ ದೊಡ್ಡವರ ಮನೆಯ ಸೊತ್ತಾಗಿತ್ತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟು ಸೇವೆ ಮೊದಲಾದ ಮೇಲೆ ಅದು ಅಂಚೆಚೀಟಿ ಕೊಳ್ಳುವ ಜನರ ಕೈಗೂ ಬಂದಿತು. ಮಗಳ ಬಾಣಂತನಕ್ಕೆಂದು ತಾಯಿ ಸಮುದ್ರ ದಾಟಿ ಹೋಗುವುದು ಈಗ ಯಾರನ್ನೂ ಬೆರಗುಗೊಳಿಸುವ ಸುದ್ದಿಯಲ್ಲ.

ಹಾಗೆ ಹೊರಡುವ ತಾಯಿಯ ಪೆಟ್ಟಿಗೆಯನ್ನು ಒಮ್ಮೆ ಮನಸ್ಸಿನಲ್ಲಿಯೇ ಬಿಚ್ಚಿ ನೋಡಿ. ಅಂಟಿನುಂಡೆಗೆ ಬೇಕಾದ ಒಣ ಕೊಬ್ಬರಿ, ಗಸಗಸೆ, ಸಾರಿನ ಪುಡಿಗೆ ಕೊತ್ತಂಬರಿ ಬೀಜ, ಜೀರಿಗೆ, ಒಣ ಮೆಣಸಿನಕಾಯಿ, ತೋಟದ ಅಡಕೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಹಿತ್ತಿಲಿನ ಕರಿಬೇವು, ಒಂದು ಡಬ್ಬಿ ತುಪ್ಪ, ತನ್ನ ರಕ್ತದೊತ್ತಡದ ಮಾತ್ರೆ, ಕೆಮ್ಮಿನ ಔಷಧ, ಪಕ್ಕದ ಮನೆಯವರು ತಮ್ಮ ಮಗನಿಗೆ ಕೊಡಿರೆಂದು ಕೊಟ್ಟ ಒಂದು ಪೊಟ್ಟಣ. ಇವುಗಳಲ್ಲಿ ಒಂದಾದರೂ ಕೆಟ್ಟ ಬುದ್ಧಿಯಿಂದ ಇಟ್ಟದ್ದಲ್ಲ. ಹಲವು ನಮ್ಮಲ್ಲಿ ಮಂಗಳಕಾರ್ಯಕ್ಕೆ ಸಲ್ಲುವಂಥವು. ಆದರೂ ಇವುಗಳಲ್ಲಿ ಕೆಲವು, ಕೆಲವು ದೇಶಗಳ ಬಾಗಿಲಲ್ಲಿ, ಕಸದ ತೊಟ್ಟಿಗೆ ಬೀಳುತ್ತವೆ. ಕೆಲವಕ್ಕೆ ದಂಡ ತೆರಬೇಕಾಗುತ್ತದೆ. ಒಂದೆರಡು ಪ್ರಯಾಣಿಕನನ್ನು ಸೆರೆಮನೆಯವರೆಗೂ ಕೊಂಡೊಯ್ಯಬಲ್ಲವು. ಯಾವುದು ಯಾವ ಬಗೆಯದು ಎಂಬುದನ್ನು ಹೊರಡುವ ಮುನ್ನವೇ ತಿಳಿದಿರಬೇಕು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಹಳೆಯದು. ಸುಂಕವೂ ಹಳೆಯದೇ. ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಂದಿನ ಸುಂಕದವನಿಗೆ ಬೇಕಾಗಿದ್ದುದು ಹೇರಿನ ಲೆಕ್ಕ ಮತ್ತು ಅದಕ್ಕೆ ಸಲ್ಲುವ ಹಣ. ಇಂದಿನ ಸುಂಕದವನಾದರೋ ಹಣಕ್ಕಿಂತ ಹೆಚ್ಚಾಗಿ ವಸ್ತುವನ್ನು ನೋಡುತ್ತಾನೆ.

ವಸ್ತುವನ್ನು ನೋಡುವ ಈ ವಿಚಾರವೂ ನಮಗೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ಬೆಳಕಿಗೆ ಬಂದುದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ, 1909ರಲ್ಲಿ ಅದು ಅಚ್ಚಾಯಿತು. ಆ ಗ್ರಂಥದ ಶುಲ್ಕಾಧ್ಯಕ್ಷನ ಪ್ರಕರಣದಲ್ಲಿ, ನಾಡಿಗೆ ಪೀಡೆ ತರುವ ಸರಕನ್ನು ಒಳಕ್ಕೆ ಬಿಡಬಾರದು, ನಾಡಿಗೆ ಮಹೋಪಕಾರವಾದ ಸರಕಿಗೂ ದುರ್ಲಭವಾದ ಬೀಜಕ್ಕೂ ಸುಂಕ ಬೇಡ ಎಂಬ ಅಭಿಪ್ರಾಯ ಬಂದಿದೆ. ಮೊದಲ ಮಾತನ್ನು ಇಂದಿನ ಎಲ್ಲ ದೇಶಗಳೂ ಒಪ್ಪುತ್ತವೆ. ಎರಡನೆಯದು ಮಾತ್ರ ತಲೆಕೆಳಗಾಗಿದೆ: ಇಂದು ಗಡಿಯಲ್ಲಿ ಅತ್ಯಂತ ಶಂಕೆಗೆ ಗುರಿಯಾಗುವ ವಸ್ತು ಬೀಜವೇ. ಒಂದು ಹಿಡಿ ಬೀಜದೊಳಗೆ ಒಂದು ದೇಶದ ಬೆಳೆಯನ್ನೇ ತಿನ್ನುವ ಹುಳು ಅಡಗಿರಬಹುದು ಎಂಬುದನ್ನು ಲೋಕವು ಪೆಟ್ಟು ತಿಂದು ಕಲಿತಿದೆ.

ಪರದೇಶದ ಬಾಗಿಲಲ್ಲಿ ನಮಗೆ ವಿಚಿತ್ರವಾಗಿ ತೋರುವ ಕಾನೂನುಗಳನ್ನು ಮೂರು ಗುಂಪು ಮಾಡಿಕೊಂಡರೆ ನೆನಪಿಡುವುದು ಸುಲಭ. ಮೊದಲನೆಯದು ಅಮಲಿನ ಭಯದಿಂದ ಹುಟ್ಟಿದ್ದು. ಎರಡನೆಯದು ಬೆಳೆ ಮತ್ತು ದನಕರುಗಳ ರೋಗದ ಭಯದಿಂದ ಹುಟ್ಟಿದ್ದು. ಮೂರನೆಯದು ಊರಿನ ಶಿಸ್ತಿಗಾಗಿ ಹುಟ್ಟಿದ್ದು.

ಮೊದಲು ಗಸಗಸೆಯನ್ನು ತೆಗೆದುಕೊಳ್ಳಿ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಕಣ್ಣು ಎಳೆದರೆ ನಾವು ನಗುತ್ತೇವೆ. ಅದು ಅಫೀಮಿನ ಗಿಡದ ಬೀಜ ಎಂಬುದು ಎಲ್ಲರಿಗೂ ನೆನಪಿರುವುದಿಲ್ಲ. ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಅದೇ ಕಾಯಿ ಒಣಗಿದ ಮೇಲೆ ಒಳಗಿನಿಂದ ಉದುರುವ ಕಾಳು ಗಸಗಸೆ. ಕಾಳಿನೊಳಗೆ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಮೆ. ಆದರೆ ಕಾಯಿಯ ಹಾಲು, ಹೊಟ್ಟು ಕಾಳಿನ ಮೈಗೆ ಅಂಟಿಕೊಂಡು ಬರಬಹುದು. ಅದರಲ್ಲಿ ಮಾರ್ಫೀನ್ ಎಂಬ ಮಾದಕದ ಸುಳಿವು ಇರುತ್ತದೆ. ನಮ್ಮ ದೇಶದಲ್ಲಿ ಈ ಗಿಡವನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಮಾತ್ರ ಬೆಳೆಯುತ್ತಾರೆ. 1985ರ ನಮ್ಮ ಮಾದಕವಸ್ತು ಕಾಯಿದೆ ಆ ಗಿಡದ ಒಣಗಿದ ಕಾಯಿ, ಕಡ್ಡಿಗಳನ್ನೆಲ್ಲ ಹತೋಟಿಯಲ್ಲಿಟ್ಟು ಬೀಜವೊಂದನ್ನು ಹೊರಗೆ ಬಿಟ್ಟಿದೆ. ಆದುದರಿಂದಲೇ ತುಮಕೂರಿನ ಯಾವ ದಿನಸಿ ಅಂಗಡಿಯಲ್ಲಾದರೂ ಅದು ನಿರಾತಂಕವಾಗಿ ಸಿಕ್ಕುತ್ತದೆ.

ಅರಬ್ ಸಂಯುಕ್ತ ಸಂಸ್ಥಾನದ ಕಾನೂನು ಹೀಗೆ ಬೀಜವನ್ನು ಬೇರೆ ಮಾಡಿ ನೋಡುವುದಿಲ್ಲ. ದುಬೈ, ಅಬುಧಾಬಿಗಳು ಆ ದೇಶಕ್ಕೆ ಸೇರಿದುವು. ಅಲ್ಲಿ ಗಸಗಸೆ ನಿಷಿದ್ಧ ವಸ್ತು. ಸೌದಿ ಅರೇಬಿಯಾದಲ್ಲಿಯೂ ಹಾಗೆಯೇ. ಹಜ್ ಯಾತ್ರಿಕರು ಗಸಗಸೆಯನ್ನು ಒಯ್ಯಲೇಬಾರದೆಂದು ನಮ್ಮ ಹಜ್ ಸಮಿತಿ ಎಚ್ಚರಿಕೆ ಕೊಡುತ್ತ ಬಂದಿದೆ. ಸಿಂಗಪುರದಲ್ಲಿಯೂ ಅದು ಮಾದಕವಸ್ತು ಇಲಾಖೆಯ ಹತೋಟಿಗೆ ಒಳಪಟ್ಟ ಸರಕು. ಇಂಥ ಕಡೆ ಅಧಿಕಾರಿ ಕೇಳುವ ಪ್ರಶ್ನೆ ಪಾಯಸಕ್ಕೋ ಕುರ್ಮಕ್ಕೋ ಎಂದಲ್ಲ. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೆ ಏನು ಕಂಡೀತು ಎಂಬುದೊಂದೇ. ಉಂಡೆಯೊಳಗೆ ಬೆರೆತ ಗಸಗಸೆಯೂ ಗಸಗಸೆಯೇ ಎಂಬುದನ್ನು ಮರೆಯಬೇಡಿ.

ತಾಂಬೂಲದ ಕಥೆ ಇದಕ್ಕಿಂತ ನಮಗೆ ಹತ್ತಿರದ್ದು. ಜಗತ್ತಿನಲ್ಲಿ ಅತ್ಯಂತ ಹೆಚ್ಚು ಅಡಕೆ ಬೆಳೆಯುವ ದೇಶ ಭಾರತ, ಭಾರತದಲ್ಲಿ ಕರ್ನಾಟಕ. ಗುಬ್ಬಿಯ ಕಡೆಯ ತೋಟಗಳನ್ನು ಕಂಡವರಿಗೆ ಅದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಮಗನ ಓದು, ಮಗಳ ಮದುವೆ ನಡೆದುದು ಅಡಕೆಯ ಹಣದಿಂದಲೇ. ಮದುವೆಯ ಮಾತು ನಿಶ್ಚಯವಾಗುವುದು ಅದನ್ನು ಕೈಬದಲಿಸಿ. ಆದರೆ ಅರಬ್ ಸಂಯುಕ್ತ ಸಂಸ್ಥಾನದ ಸುಂಕದ ಇಲಾಖೆಯ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ವೀಳ್ಯದೆಲೆಯೂ ತಾಂಬೂಲದ ಪದಾರ್ಥಗಳೂ ಸೇರಿವೆ. ಆಸ್ಟ್ರೇಲಿಯದಲ್ಲಿ ಅಡಕೆಯೊಳಗಿನ ಅರೆಕೊಲೀನ್ ಎಂಬ ಸಾರವು ಔಷಧ ಮತ್ತು ವಿಷವಸ್ತುಗಳ ಪಟ್ಟಿಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಕಾರಣವೂ ಇಲ್ಲದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಮಂಡಲಿ 2004ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಕೆಯು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುವೆಂದು ತೀರ್ಮಾನಿಸಿತು. ಅದರ ಮೇಲೆ ಬೆಳೆಗಾರರಿಗೂ ವೈದ್ಯರಿಗೂ ನಮ್ಮಲ್ಲಿ ನಡೆಯುತ್ತಿರುವ ವಾದ ಬೇರೆಯದು. ಗಡಿಯಲ್ಲಿ ನಿಂತ ಪ್ರಯಾಣಿಕ ಆ ವಾದವನ್ನು ಅಲ್ಲಿ ಹೂಡಲಾರ.

ಇದೇ ಗುಂಪಿಗೆ ಸೇರುವ ಮತ್ತೊಂದು ವಸ್ತು ಔಷಧ. ಹಿರಿಯರು ಪ್ರಯಾಣ ಮಾಡುವ ಮನೆಗಳಲ್ಲಿ ಇದರ ಕಡೆ ಹೆಚ್ಚಿನ ಲಕ್ಷ್ಯ ಬೇಕು. ಕೆಮ್ಮಿನ ಕೆಲವು ಔಷಧಗಳಲ್ಲಿ ಕೋಡೀನ್ ಇರುತ್ತದೆ. ಅದೂ ಅಫೀಮಿನ ವಂಶದ್ದೇ. ಮಂಡಿನೋವಿಗೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಟ್ರಮಡಾಲ್ ಇರುತ್ತದೆ. ನಿದ್ರೆಗೆಂದು ಕೊಡುವ ಮಾತ್ರೆಗಳು ಹಲವು ದೇಶಗಳಲ್ಲಿ ಹತೋಟಿಯ ಔಷಧಗಳು. ಅರಬ್ ಸಂಯುಕ್ತ ಸಂಸ್ಥಾನಕ್ಕೆ ಇಂಥವನ್ನು ಒಯ್ಯಬೇಕಾದರೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಪ್ರಯಾಣಕ್ಕೆ ಮುಂಚೆಯೇ ಪಡೆದಿರಬೇಕು. ಸಿಂಗಪುರದಲ್ಲಿಯೂ ಕೆಲವು ಔಷಧಗಳಿಗೆ ಇಂಥದೇ ನಿಯಮವಿದೆ. ಜಪಾನು ಇನ್ನೊಂದು ಬಗೆ: ನೆಗಡಿಯ ಮಾತ್ರೆಗಳಲ್ಲಿ ಬರುವ ಸೂಡೋಎಫೆಡ್ರಿನ್ ಎಂಬ ಅಂಶ ನೂರಕ್ಕೆ 10ಕ್ಕಿಂತ ಹೆಚ್ಚಿದ್ದರೆ ಅಂಥ ಮಾತ್ರೆಯನ್ನು ಆ ದೇಶದೊಳಕ್ಕೆ ತರುವಂತಿಲ್ಲ.

ನಮ್ಮ ಹಿರಿಯರಲ್ಲಿ ಅನೇಕರು ಮಾತ್ರೆಗಳನ್ನು ಮೂಲ ಪಟ್ಟಿಯಿಂದ ಬಿಡಿಸಿ, ಬೆಳಗಿನದು ಸಂಜೆಯದು ಎಂದು ಒಂದು ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಇದು ಒಳ್ಳೆಯ ಅಭ್ಯಾಸ, ಪ್ರಯಾಣದಲ್ಲಿ ಅಲ್ಲ. ಹೆಸರಿಲ್ಲದ ಬಿಳಿಯ ಮಾತ್ರೆ ಏನೆಂದು ಅಧಿಕಾರಿಗೆ ಹೇಗೆ ತಿಳಿಯಬೇಕು? ಔಷಧ ಅದರ ಮೂಲ ಪಟ್ಟಿಯಲ್ಲಿಯೇ ಇರಲಿ. ಜೊತೆಗೆ ವೈದ್ಯರು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ ಚೀಟಿ ಇರಲಿ. ಅದರಲ್ಲಿ ಕಂಪನಿ ಇಟ್ಟ ಹೆಸರಿನೊಡನೆ ಔಷಧದ ಮೂಲ ಹೆಸರೂ ಇರಲಿ.

ಇನ್ನು ಎರಡನೆಯ ಗುಂಪು, ಬೆಳೆ ಮತ್ತು ದನಕರುಗಳ ರಕ್ಷಣೆಯದು. ಅಮೆರಿಕಕ್ಕೆ ಹೋಗುವವರು ನಮ್ಮ ಅಕ್ಕಿಯನ್ನೂ ಕಡಲೆಯನ್ನೂ ಒಯ್ಯುವಂತಿಲ್ಲ ಎಂದರೆ ಮೊದಲು ನಗು ಬಂದೀತು. ಅಕ್ಕಿಯಿಂದ ಅಮೆರಿಕಕ್ಕೆ ಏನು ಕೇಡು? ಕೇಡಿರುವುದು ಅಕ್ಕಿಯಲ್ಲಲ್ಲ; ಖಾಪ್ರಾ ಎಂಬ ಒಂದು ಪುಟ್ಟ ದುಂಬಿಯಲ್ಲಿ. ಮೈಯುದ್ದ ಮೂರು ಮಿಲಿಮೀಟರಿನಷ್ಟು. ಇದರ ಮರಿಹುಳು ಗೋಡೆಯ ಬಿರುಕಿನಲ್ಲಿ, ಗೋಣಿಯ ಎಳೆಯಲ್ಲಿ ಅಡಗಿ ಅನ್ನವಿಲ್ಲದೆ ವರ್ಷಗಟ್ಟಲೆ ಬದುಕಿರಬಲ್ಲುದು; ಕಾಳು ಸಿಕ್ಕಿದಾಗ ಎದ್ದು ಉಗ್ರಾಣವನ್ನೇ ಹೊಟ್ಟು ಮಾಡಬಲ್ಲುದು. ಭರತಖಂಡದ ಕಡೆಯದೇ ಆದ ಈ ಹುಳು 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡಿತು. ಅದನ್ನು ನಿರ್ಮೂಲ ಮಾಡಲು ಅಮೆರಿಕದವರಿಗೆ 1966ರವರೆಗೆ ಕಾಲವೂ ಸುಮಾರು 1 ಕೋಟಿ 10 ಲಕ್ಷ ಡಾಲರೂ ಹಿಡಿದವು. ಅಷ್ಟು ಬೆಲೆ ತೆತ್ತವರು ಒಂದು ಚೀಲ ಅಕ್ಕಿಯನ್ನು ಅನುಮಾನದಿಂದ ನೋಡಿದರೆ ತಪ್ಪೆನ್ನಬಹುದೆ?

ಆಸ್ಟ್ರೇಲಿಯವೂ ಇದೇ ಹುಳುವಿನ ಭಯದಿಂದ 2020ರಿಂದೀಚೆಗೆ ಪ್ರಯಾಣಿಕರ ಪೆಟ್ಟಿಗೆಯಲ್ಲಿ ಬರುವ ಹಲವು ಕಾಳುಗಳನ್ನು ತಡೆದಿದೆ. ಅಕ್ಕಿ, ಗೋಧಿ, ಕಡಲೆ, ಹೆಸರು, ತೊಗರಿ, ಕೊತ್ತಂಬರಿ ಬೀಜ, ಜೀರಿಗೆ, ಒಣ ಮೆಣಸಿನಕಾಯಿ ಇವೆಲ್ಲ ಆ ಪಟ್ಟಿಯಲ್ಲಿವೆ. ಗೃಹಿಣಿಯರು ಗಮನಿಸಬೇಕು: ಇದು ಹೆಚ್ಚು ಕಡಮೆ ನಮ್ಮ ಸಾರಿನ ಸಾಮಾನಿನ ಪಟ್ಟಿಯೇ ಆಗಿದೆ! ಕಾರ್ಖಾನೆಯಲ್ಲಿ ಬಿಸಿಯಲ್ಲಿ ಸಂಸ್ಕರಿಸಿ, ಮುದ್ರೆಯೊತ್ತಿ ಬಂದ ಪೊಟ್ಟಣಕ್ಕೂ ಮನೆಯಿಂದ ಕಟ್ಟಿಕೊಂಡು ಹೋದ ಕಾಳಿಗೂ ಅಲ್ಲಿ ಬಹಳ ವ್ಯತ್ಯಾಸವಿದೆ.

ಕರಿಬೇವಿನ ಮಾತು ಇನ್ನೂ ಸ್ವಾರಸ್ಯ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕರಿಬೇವು ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದುದು. ಕಿತ್ತಳೆಯ ಗಿಡಕ್ಕೆ ಮದ್ದಿಲ್ಲದ ಒಂದು ರೋಗವನ್ನು ಹೊತ್ತು ತಿರುಗುವ ಪುಟ್ಟ ಕೀಟ ಕರಿಬೇವಿನ ಎಲೆಯ ಮೇಲೂ ಮೊಟ್ಟೆ ಇಡುತ್ತದೆ. 2005ರಲ್ಲಿ ಆ ರೋಗ ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಕಾಲಿಟ್ಟ ಮೇಲೆ ಅಲ್ಲಿನ ಕಿತ್ತಳೆಯ ಫಸಲಿನ ಬಹುಭಾಗ ಹಾಳಾಯಿತು. ನಮ್ಮಿಂದ ಹೋಗುವ ಹಸಿ ಕರಿಬೇವಿಗೆ ಅಮೆರಿಕ ಬಾಗಿಲು ಮುಚ್ಚಿರುವುದು ಇದಕ್ಕೇ.

ದನಕರುಗಳ ವಿಷಯದಲ್ಲಿ ಅವರ ಭಯ ಕಾಲುಬಾಯಿ ರೋಗದ್ದು. ನಮ್ಮ ರೈತರಿಗೆ ಅದರ ಪರಿಚಯ ಚೆನ್ನಾಗಿದೆ. ಅಮೆರಿಕದಲ್ಲಿ ಅದು 1929ರಿಂದೀಚೆಗೆ ಕಾಣಿಸಿಲ್ಲ. 2021ರ ಏಪ್ರಿಲಿನಲ್ಲಿ ಭಾರತದಿಂದ ವಾಷಿಂಗ್ಟನ್ನಿನ ವಿಮಾನ ನಿಲ್ದಾಣಕ್ಕೆ ಬಂದ ಒಂದು ಪೆಟ್ಟಿಗೆಯಲ್ಲಿ ಬೆರಣಿ ಸಿಕ್ಕಿತು. ಅಧಿಕಾರಿಗಳು ಅದನ್ನು ನಾಶಮಾಡಿ ಸುದ್ದಿಯನ್ನೂ ಪ್ರಕಟಿಸಿದರು. ಹೋಮಕ್ಕೆಂದು ಒಯ್ದ ಬೆರಣಿಯಲ್ಲಿ ನಮಗೆ ಕಾಣುವುದು ಶುದ್ಧಿ. ಅವರಿಗೆ ಕಂಡದ್ದು ರೋಗದ ಬೀಜ. ಬ್ರಿಟನ್ ಮತ್ತು ಯೂರೋಪಿನ ಒಕ್ಕೂಟದ ದೇಶಗಳು ನಮ್ಮಂಥ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರುವುದನ್ನು ನಿಷೇಧಿಸಿವೆ. ತುಪ್ಪ, ಖೋವ, ಪೇಡ ಇವೆಲ್ಲ ಹಾಲಿನವೇ ಅಲ್ಲವೆ? ಕುಣಿಗಲ್ಲಿನ ಕುದುರೆ ಫಾರಮ್ಮನ್ನು ಬಲ್ಲವರಿಗೆ ಇದು ಆಶ್ಚರ್ಯವಾಗದು. ಕುದುರೆಯೊಂದು ಗಡಿ ದಾಟಬೇಕಾದರೆ ಪಶುವೈದ್ಯರ ಪ್ರಮಾಣಪತ್ರವೂ ರೋಗಪರೀಕ್ಷೆಯೂ ಬೇಕು. ಕುದುರೆಗೆ ಇರುವ ನಿಯಮ ಪೆಟ್ಟಿಗೆಗೂ ಇದೆ, ಅಷ್ಟೆ.

ಇಲ್ಲಿ ಕೊಬ್ಬರಿಯ ಮಾತನ್ನೂ ಹೇಳಿಬಿಡಬೇಕು. ಅದು ಪರದೇಶದ ಬಾಗಿಲಿಗೂ ಮೊದಲೇ, ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿಯೇ ತಡೆಯುತ್ತದೆ. ತಿಪಟೂರಿನ ಕೊಬ್ಬರಿ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಒಣ ಕೊಬ್ಬರಿಯಲ್ಲಿ ಎಣ್ಣೆ ಬಹಳ. ರಾಶಿಯಾಗಿ, ಸ್ವಲ್ಪ ತೇವದೊಡನೆ ಬಿಗಿದಿಟ್ಟರೆ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲುದು. ಆದುದರಿಂದ ಅಪಾಯಕರ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯನ್ನೂ 4.2 ಎಂಬ ವರ್ಗವನ್ನೂ ಕೊಟ್ಟಿದ್ದಾರೆ. ತಾನಾಗಿ ಉರಿಯಬಲ್ಲ ವಸ್ತುಗಳ ವರ್ಗ ಅದು. ತೆಂಗಿನಕಾಯಿಗೂ ವಿಮಾನದೊಳಗಿನ ಕೈಚೀಲದಲ್ಲಿ ತಡೆಯಿದೆ. 2024ರಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗಾಗಿ, ಆ ಯಾತ್ರೆಯ ಕಾಲಕ್ಕೆ ಮಾತ್ರ, ವಿಶೇಷ ಆಜ್ಞೆ ಹೊರಡಿಸಬೇಕಾಯಿತು ಎಂದರೆ ನಿಯಮದ ಬಿಗಿ ಎಷ್ಟೆಂದು ತಿಳಿಯಬಹುದು.

ಮೂರನೆಯ ಗುಂಪು ಊರಿನ ಶಿಸ್ತಿನದು. ಸಿಂಗಪುರದ ಚೂಯಿಂಗ್ ಗಮ್ ನಿಷೇಧವನ್ನು ಹಲವರು ಹಾಸ್ಯದ ಕಥೆಯೆಂದೇ ತಿಳಿದಿದ್ದಾರೆ. ಅದು ನಿಜವಾದ ಕಾನೂನು. ಆ ನಗರದಲ್ಲಿ 1987ರಲ್ಲಿ ಹೊಸ ನಗರ ರೈಲು ಓಡಲಾರಂಭಿಸಿತು. ಜಗಿದುಗುಳಿದ ಅಂಟನ್ನು ಕಿಡಿಗೇಡಿಗಳು ರೈಲಿನ ಬಾಗಿಲ ಯಂತ್ರಕ್ಕೆ ಮೆತ್ತಿದ್ದರಿಂದ ಬಾಗಿಲು ಮುಚ್ಚದೆ ಗಾಡಿಗಳು ನಿಂತವು. 1992ರ ಜನವರಿಯಲ್ಲಿ ಅದರ ಆಮದು, ಮಾರಾಟ ಎರಡೂ ನಿಂತವು. 2004ರಿಂದ ಔಷಧರೂಪದ ಕೆಲವು ಬಗೆಗಳಿಗೆ ಮಾತ್ರ ವಿನಾಯಿತಿ ಇದೆ. ಅಲ್ಲಿ ಬೀದಿಯಲ್ಲಿ ಉಗುಳುವುದೂ ಕಸ ಎಸೆಯುವುದೂ ದಂಡಾರ್ಹ. ವಿದ್ಯುತ್ ಸಿಗರೇಟನ್ನು ಜೇಬಿನಲ್ಲಿಟ್ಟುಕೊಂಡಿದ್ದರೂ 2018ರಿಂದ ಅಪರಾಧ.

ಛಾಯಾಚಿತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅಪರಿಚಿತರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದು ಹಂಚುವುದು ಅಪರಾಧವಾಗುತ್ತದೆ. ಕೋಪದಲ್ಲಿ ಕಳುಹಿಸಿದ ಒಂದು ಬೈಗುಳದ ಸಂದೇಶವೂ ನ್ಯಾಯಾಲಯಕ್ಕೆ ಹೋಗಬಹುದು. ಶ್ರೀಲಂಕೆಯಲ್ಲಿ 2012ರಲ್ಲಿ ಫ್ರಾನ್ಸಿನ ಪ್ರವಾಸಿಗಳು ಬುದ್ಧನ ಪ್ರತಿಮೆಗೆ ಮುತ್ತಿಡುವಂತೆ ಚಿತ್ರ ತೆಗೆಸಿಕೊಂಡು ನ್ಯಾಯಾಲಯದಲ್ಲಿ ಶಿಕ್ಷೆಯ ತೀರ್ಪು ಕೇಳಬೇಕಾಯಿತು. ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿದ್ದರಿಂದ ಸೆರೆವಾಸ ತಪ್ಪಿತು. ನಮ್ಮ ಗುಡಿಯ ಮೂರ್ತಿಯ ಮುಂದೆ ಯಾರಾದರೂ ಹಾಗೆ ನಿಂತರೆ ನಮಗೆ ಏನನ್ನಿಸೀತು ಎಂದು ಯೋಚಿಸಿದರೆ ಆ ಕಾನೂನು ವಿಚಿತ್ರವಾಗಿ ಕಾಣದು.

ವಿಚಿತ್ರ ಕಾನೂನುಗಳು ಹೊರಗಿನವರಲ್ಲಿ ಮಾತ್ರ ಇವೆಯೆಂದು ತಿಳಿಯಬೇಡಿ. ಉಪಗ್ರಹ ದೂರವಾಣಿಯನ್ನು ಹಲವು ದೇಶಗಳಲ್ಲಿ ಅಂಗಡಿಯಲ್ಲಿ ಕೊಳ್ಳಬಹುದು. ಭಾರತಕ್ಕೆ ಅದನ್ನು ಅನುಮತಿಯಿಲ್ಲದೆ ತಂದರೆ ಪೊಲೀಸರು ಹಿಡಿಯುತ್ತಾರೆ. ಬ್ರಿಟನ್ನಿನಲ್ಲಿ ಬಹಿರಂಗವಾಗಿ ಮಾರುವ ವಿದ್ಯುತ್ ಸಿಗರೇಟು ನಮ್ಮಲ್ಲಿ 2019ರಿಂದ ನಿಷಿದ್ಧ. ಪರದೇಶದ ಪೌರನೊಬ್ಬನನ್ನು ಮನೆಯಲ್ಲಿಯೋ ವಸತಿಗೃಹದಲ್ಲಿಯೋ ಇಳಿಸಿಕೊಂಡವರು 24 ಗಂಟೆಗಳೊಳಗಾಗಿ ಅಧಿಕಾರಿಗಳಿಗೆ ತಿಳಿಸಬೇಕು. ಮಗನ ಸ್ನೇಹಿತನೊಬ್ಬ ಲಂಡನ್ನಿನಿಂದ ಗುಬ್ಬಿಗೆ ಅತಿಥಿಯಾಗಿ ಬಂದರೆ ಈ ನಿಯಮ ನೆನಪಿರಲಿ. ಅವನಿಗೆ ನಮ್ಮ ನಿಯಮಗಳು ಎಷ್ಟು ಹೊಸವೋ ನಮಗೆ ಅವನ ನಾಡಿನವು ಅಷ್ಟೇ ಹೊಸವು.

ಹಾಗಾದರೆ ಮಾಡಬೇಕಾದುದೇನು? ಪೆಟ್ಟಿಗೆಯ ವಸ್ತುಗಳನ್ನು ಮೂರು ರಾಶಿ ಮಾಡಿಕೊಳ್ಳಿ.

ಮೊದಲನೆಯ ರಾಶಿ, ಹೇಳಿದರೆ ಮುಗಿಯುವಂಥದು. ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ತಿಂಡಿ, ಕಾಳು, ಎಲೆ, ಹಾಲಿನ ಪದಾರ್ಥಗಳ ವಿಷಯದಲ್ಲಿ ಬಾಗಿಲಲ್ಲಿಯೇ ಪ್ರಶ್ನೆ ಕೇಳುತ್ತಾರೆ. ಇದೆ ಎಂದು ಹೇಳಿದವನ ವಸ್ತುವನ್ನು ನೋಡುತ್ತಾರೆ. ಬೇಡವಾದುದನ್ನು ತೆಗೆದುಕೊಂಡು ಅವನನ್ನು ಕಳುಹಿಸಿಕೊಡುತ್ತಾರೆ. ಇಲ್ಲವೆಂದು ಹೇಳಿ ಸಿಕ್ಕಿಬಿದ್ದವನಿಗೆ ದಂಡ. ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲಿಯೇ 400 ಡಾಲರ್ ತೆರಬೇಕು. ಅಮೆರಿಕದಲ್ಲಿ ದಂಡವು 10,000 ಡಾಲರಿನವರೆಗೂ ಏರಬಹುದು. 2019ರಲ್ಲಿ ಆಸ್ಟ್ರೇಲಿಯಕ್ಕೆ ಬಂದ ಪ್ರವಾಸಿಯೊಬ್ಬರು ಪೆಟ್ಟಿಗೆಯಲ್ಲಿ ಹಸಿ ಮಾಂಸ, ಮೊಟ್ಟೆ ಮೊದಲಾದುವನ್ನಿಟ್ಟುಕೊಂಡು ಅದನ್ನು ತಿಳಿಸದೆ ಹೋದುದರಿಂದ ವೀಸಾ ರದ್ದಾಗಿ ನಿಲ್ದಾಣದಿಂದಲೇ ಹಿಂದಿರುಗಬೇಕಾಯಿತು. ಅಂಥ ಕಡೆ ಅಪರಾಧವಾಗುವುದು ಹೆಚ್ಚಾಗಿ ಉಪ್ಪಿನಕಾಯಿಯಲ್ಲ. ಉಪ್ಪಿನಕಾಯಿ ಇಲ್ಲವೆಂಬ ಸುಳ್ಳು. ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ, ಪೆಟ್ಟಿಗೆಯಲ್ಲಿರುವ ತಿನಿಸುಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಅವರ ಕೈಯಲ್ಲಿ ಕೊಟ್ಟು ಕಳುಹಿಸಿ. ಗಾಬರಿಯಲ್ಲಿ ತಲೆಯಾಡಿಸುವುದಕ್ಕಿಂತ ಆ ಚೀಟಿ ತೋರಿಸುವುದು ಲೇಸು.

ಎರಡನೆಯ ರಾಶಿ, ಮೊದಲೇ ಅನುಮತಿ ಪಡೆದರೆ ಮುಗಿಯುವಂಥದು. ಹತೋಟಿಗೆ ಒಳಪಟ್ಟ ಔಷಧಗಳೆಲ್ಲ ಈ ರಾಶಿಗೆ ಸೇರಿದುವು. ಟಿಕೆಟು ಕೊಂಡ ದಿನವೇ ವೈದ್ಯರನ್ನು ಕಂಡು, ಹೋಗುವ ದೇಶದ ರಾಯಭಾರ ಕಚೇರಿ ಅಥವಾ ಆರೋಗ್ಯ ಇಲಾಖೆಯ ನಿಯಮವನ್ನು ವಿಚಾರಿಸಿ. ಅಲ್ಲಿರುವ ಮಗನೋ ಮಗಳೋ ಈ ಕೆಲಸವನ್ನು ಮಾಡಬಲ್ಲರು. ಬರುವಾಗ ಏನು ತರಲಿ ಎಂದು ಅವರನ್ನು ಕೇಳುವಾಗ ಏನು ತರಬಾರದು ಎಂಬುದನ್ನೂ ಕೇಳಿಬಿಡಿ.

ಮೂರನೆಯ ರಾಶಿ, ಮನೆಯಲ್ಲಿ ಬಿಟ್ಟುಹೋದರೆ ಮಾತ್ರ ಮುಗಿಯುವಂಥದು. ಗಲ್ಫ್ ದೇಶಗಳಿಗೂ ಸಿಂಗಪುರಕ್ಕೂ ಗಸಗಸೆ ಬೇಡ. ದುಬೈಗೆ ತಾಂಬೂಲ ಬೇಡ. ಯಾವ ದೇಶಕ್ಕೂ ಇನ್ನೊಬ್ಬರು ಕಟ್ಟಿಕೊಟ್ಟ, ನೀವು ಬಿಚ್ಚಿ ನೋಡದ ಪೊಟ್ಟಣ ಬೇಡ. ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. 2019ರಲ್ಲಿ ನಮ್ಮ ದೇಶದ ದಂಪತಿಗಳಿಬ್ಬರು ನೆಂಟರು ಕೊಟ್ಟ ಪೊಟ್ಟಣವನ್ನು ನಂಬಿ ಕತಾರಿಗೆ ಒಯ್ದರು. ಅದರಲ್ಲಿ ಮಾದಕವಸ್ತು ಇತ್ತು. ಅವರಿಗೆ 10 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಅವರು ಮೋಸಹೋದವರೆಂದು ಸಿದ್ಧವಾಗಿ ಬಿಡುಗಡೆ ಹೊಂದುವ ವೇಳೆಗೆ 2021 ಬಂದಿತ್ತು. ಸಿಂಗಪುರದ ಕಾನೂನಂತೂ ಪೆಟ್ಟಿಗೆ ಯಾರ ವಶದಲ್ಲಿದೆಯೋ ಅದರೊಳಗಿನದು ಅವನಿಗೆ ಗೊತ್ತಿತ್ತೆಂದೇ ಭಾವಿಸಿ ಹೊರಡುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ಅವನದು. ಅಲ್ಲಿ 15 ಗ್ರಾಮಿಗಿಂತ ಹೆಚ್ಚು ಹೆರಾಯಿನ್ ಸಾಗಿಸಿದವನಿಗೆ ಮರಣದಂಡನೆಯ ವಿಧಿಯಿದೆ. ನೆರೆಯವರಿಗೆ ಬೇಸರವಾದೀತೆಂಬ ದಾಕ್ಷಿಣ್ಯ ಇಲ್ಲಿ ಸಲ್ಲದು. ಅವರ ಎದುರಿಗೇ ಪೊಟ್ಟಣವನ್ನು ಬಿಚ್ಚಿ ನೋಡಿ. ಒಪ್ಪದಿದ್ದರೆ ಕೈಮುಗಿದು ಹಿಂದಕ್ಕೆ ಕೊಡಿ.

ಇಷ್ಟಾದರೂ ತೊಡಕು ಬಂದರೆ ಒಂದು ಹಕ್ಕು ನಿಮಗಿದೆ ಎಂಬುದನ್ನು ತಿಳಿದಿರಿ. 1963ರಲ್ಲಿ ವಿಯೆನ್ನಾ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ 36ನೆಯ ವಿಧಿಯಂತೆ, ಪರದೇಶದಲ್ಲಿ ಬಂಧಿತನಾದವನು ತನ್ನ ದೇಶದ ರಾಜತಾಂತ್ರಿಕ ಕಚೇರಿಗೆ ಸುದ್ದಿ ಮುಟ್ಟಿಸಿರೆಂದು ಕೇಳಬಹುದು. ಭಾರತದ ಕಚೇರಿಯವರು ಬಂದು ನಿಮ್ಮನ್ನು ಕಾಣಬಲ್ಲರು, ವಕೀಲರ ಸಹಾಯಕ್ಕೆ ದಾರಿ ತೋರಬಲ್ಲರು. ಆ ನಾಡಿನ ಕಾನೂನನ್ನು ಅವರು ಬದಲಿಸಲಾರರು. ಹೋಗುವ ಊರಿನ ಭಾರತೀಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ಪಾಸ್‌ಪೋರ್ಟಿನೊಡನೆ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೈಯಲ್ಲಿನ ದೂರವಾಣಿ ಯಂತ್ರವನ್ನೇ ನಂಬಿ ಕೂರಬೇಡಿ.

ಕಾನೂನುಗಳು ಬದಲಾಗುತ್ತಿರುತ್ತವೆ. ಕಳೆದ ವರ್ಷ ಹೋಗಿ ಬಂದವರ ಅನುಭವ ಈ ವರ್ಷ ಹೊರಡುವವರಿಗೆ ಪ್ರಮಾಣವಲ್ಲ. ಅವರು ಒಯ್ದ ಗಸಗಸೆ ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಅದು ಅವರ ಅದೃಷ್ಟವೇ ಹೊರತು ಆ ದೇಶದ ಅನುಮತಿಯಲ್ಲ. ಪ್ರತಿ ಪ್ರಯಾಣಕ್ಕೂ ಹೊಸದಾಗಿ ವಿಚಾರಿಸುವುದೇ ಕ್ಷೇಮ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ನಮ್ಮ ಗಾದೆ ಇಂದಿಗೂ ಸುಳ್ಳಾಗಿಲ್ಲ. ಮಗಳು ಹಡೆದಿದ್ದಾಳೆ, ಅವಳಿಗಾಗಿ ತಂದೆ ಎಂಬುದು ಸುಖದುಃಖದ ಮಾತು. ಅದನ್ನು ಅಳೆಯುವ ತಕ್ಕಡಿ ಅವನಲ್ಲಿಲ್ಲ. ಇದು ಇದೆ, ಇದು ಇಲ್ಲ, ಇದಕ್ಕೆ ಈ ಚೀಟಿ ಎಂಬುದು ವಸ್ತುವಿನ ಮಾತು. ಅದನ್ನು ಅವನು ಕೇಳುತ್ತಾನೆ. ದುಬೈಯ ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಯ ಪೆಟ್ಟಿಗೆಯಲ್ಲಿ ಗಸಗಸೆ ಇಲ್ಲದಿದ್ದರೆ ಪಾಯಸಕ್ಕೆ ಶ್ಯಾವಿಗೆ ಸಾಕು.